ಇಬ್ಬರಿಗೂ ಚಳಿ

ನನ್ನ ತಮ್ಮ ಆಖುನ್ ಸತ್ತಿದ್ದಾನೆಂದು ಊರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದ್ದು ಸರ್ಕಾರಕ್ಕೆ ಮಾತ್ರ. ಬಿರುಗಾಳಿ ಕಳೆದ ಮೇಲೆ ಅವನ ದೋಣಿ ಮಗುಚಿಕೊಂಡು ದಡಕ್ಕೆ ಬಂತು, ಅವನು ಬರಲಿಲ್ಲ. ಹೆಣ ಸಿಗದವನನ್ನು ಸತ್ತನೆಂದು ಬರೆಸಲು ಮನೆಯವರೇ ಕೋರ್ಟಿಗೆ ಹೋಗಿ ಕೇಳಬೇಕಂತೆ. ನಾವು ಹೋಗಲಿಲ್ಲ. ಕಾರಣ ತೈಚುಂಗ್ ನಗರದ ಆಸ್ಪತ್ರೆಯ ಶೀತಪೆಟ್ಟಿಗೆಯಲ್ಲಿತ್ತು.

ತಮ್ಮನಿಗೂ ಅವನ ಹೆಂಡತಿ ಪೇಚುನ್‌ಗೂ ಬಹಳ ವರ್ಷ ಮಕ್ಕಳಾಗಿರಲಿಲ್ಲ. ಹೆರಿಗೆ ದೇವಿಯ ಮುಡಿಯಿಂದ ಬಿಳಿ ಹೂವು ಬೇಡಿ ತಂದು ಮುಡಿದದ್ದಾಯಿತು, ಕಹಿ ಕಷಾಯ ಕುಡಿದದ್ದಾಯಿತು. ಕೊನೆಗೆ ಡಾಕ್ಟರ ಹತ್ತಿರ ಹೋದರು. ಅಲ್ಲಿ ಗಾಜಿನ ಬಟ್ಟಲಲ್ಲಿ ಕೂಡಿಸಿದ ಭ್ರೂಣಗಳಲ್ಲಿ ಒಂದೇ ಒಂದು ಶೀತಪೆಟ್ಟಿಗೆಯಲ್ಲಿ ಉಳಿದಿತ್ತು. ಅದನ್ನು ಹೊಟ್ಟೆಗೆ ಸೇರಿಸುವ ಮುಂಚೆಯೇ ಬಿರುಗಾಳಿ ಬಂತು.

ಬಿರುಗಾಳಿ ಕಳೆದ ಮೇಲೆ ಪೇಚುನ್ ಜೊತೆ, ಅವಳ ಗಂಡನ ಅಕ್ಕ ನಾನೂ ಡಾಕ್ಟರ ಹತ್ತಿರ ಹೋಗಿದ್ದೆ. ಅವರು ಒಳ್ಳೆಯವರು, ಕಣ್ಣು ಕೆಳಗೆ ಹಾಕಿಕೊಂಡೇ ಮಾತಾಡಿದರು.

"ನಿಮ್ಮ ಯಜಮಾನ್ರು ಬಂದು ಸಹಿ ಹಾಕದೆ ನಾನು ಏನೂ ಮಾಡೋ ಹಾಗಿಲ್ಲಮ್ಮ. ಅವರು ಇಲ್ಲ ಅಂತ ಆದ್ರೆ ಕಾನೂನು ಪ್ರಕಾರ ಅದನ್ನ ನಾಶ ಮಾಡ್ಬೇಕು."

"ಇದ್ದಾರೆ. ಸಮುದ್ರಕ್ಕೆ ಹೋಗಿದ್ದಾರೆ," ಅಂದಳು ಪೇಚುನ್.

ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. "ಹಾಗಾದ್ರೆ ಅವರು ಬರೋವರೆಗೂ ಅದು ಚಳೀಲೇ ಇರ್ಲಿ," ಅಂದರು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಹಾಗಾಯಿತು. ಗಂಡನ ಕುರುಹು ಬೇಡ ಅನ್ನಲು ಈ ಕಾನೂನು ಬರೆದವರಿಗೆ ಏನು ಹಕ್ಕಿತ್ತೋ! ಮುಂದೆ ಯಾವಾಗಲಾದರೂ ಅದು ಬದಲಾದೀತೆಂದು ಪೇಚುನ್ ಕಾದಳು. ವರ್ಷಕ್ಕೊಮ್ಮೆ ಆಸ್ಪತ್ರೆಯವರು ಫೋನ್ ಮಾಡಿ ಇಬ್ಬರೂ ಕ್ಷೇಮವೇ ಎಂದು ಕೇಳುತ್ತಿದ್ದರು. ಇಬ್ಬರೂ ಕ್ಷೇಮ ಎನ್ನುತ್ತಿದ್ದಳು.

ಕಷ್ಟ ಶುರುವಾದದ್ದು ಒಂದು ವರ್ಷ ನಮ್ಮ ಪಂಚಾಂಗದ ಆರನೇ ತಿಂಗಳಲ್ಲಿ. ನಮ್ಮ ಕಡಲ ಊರಿನಲ್ಲಿ ಆಗ ಮುಳುಗಿ ಸತ್ತವರ ಆತ್ಮಗಳನ್ನು ಮೇಲೆತ್ತುತ್ತಾರೆ. ಎತ್ತದಿದ್ದರೆ ಅವರು ನೀರಿನಲ್ಲೇ ಹಸಿದು, ನಡುಗುತ್ತ ಇರುತ್ತಾರೆ. ಗುಡಿಯ ಬಯಲಿನಲ್ಲಿ ಬಿದಿರು ಮತ್ತು ಕಾಗದದ ಎತ್ತರದ ಗೂಡುಗಳನ್ನು ಸಾಲಾಗಿ ನಿಲ್ಲಿಸಿ, ಒಂದೊಂದರ ಮೇಲೂ ಸತ್ತವನ ಹೆಸರು ಬರೆದು, ಮನೆಯವರು ಕೈಯಿಂದ ತಿರುಗಿಸುತ್ತ ಕರೆಯಬೇಕು. ಆತ್ಮ ಅದನ್ನು ಹತ್ತಿ ಮೇಲೆ ಬರುತ್ತದೆ. ಪುರೋಹಿತರು ಆ ಹೆಸರುಗಳನ್ನು ಮೈಕಿನಲ್ಲಿ ಕೂಗುತ್ತಾರೆ.

"ಈ ಸಲ ಆಖುನ್‌ನ ಎತ್ತೋಣ," ಅಂದಳು ಅಮ್ಮ, ಚಿಪ್ಪುಮೀನು ಬಿಡಿಸುತ್ತ.

ಪೇಚುನ್ ಕೈಯ ಚಾಕು ನಿಂತಿತು. "ಅತ್ತೆ, ಮೈಕಲ್ಲಿ ಅವರ ಹೆಸರು ಕೂಗಿದ್ರೆ ಸತ್ತರು ಅಂತ ನಾವೇ ಒಪ್ಪಿಕೊಂಡ ಹಾಗೆ, ಮುಗೀತು. ಜನನ ಮರಣ ಕಚೇರಿ ಗುಮಾಸ್ತನ ಅಮ್ಮಾನೂ ಅಲ್ಲೇ ಗೂಡು ತಿರುಗಿಸ್ತಾ ಇರ್ತಾಳೆ."

"ಅವಳ ಬಾಯಿ ಊರಿಗೇ ಗೊತ್ತು," ಅಂದೆ ನಾನು. "ಹೆಸರು ಸಣ್ಣಗೆ ಕೂಗಿ ಅಂತ ಪುರೋಹಿತರಿಗೆ ಹೇಳಿದ್ರಾಯ್ತು."

"ಸಣ್ಣಗೆ ಕೂಗಿದ್ರೆ ಸಮುದ್ರದ ತಳಕ್ಕೆ ಕೇಳುತ್ತೇನೇ?" ಅಮ್ಮ ನನ್ನ ಮೇಲೆ ರೇಗಿದಳು. "ದೇವರ ಕಚೇರೀಲೂ ಲೆಕ್ಕ ಇರುತ್ತೆ. ಇಲ್ಲಿ ಬದುಕಿದ್ದಾನೆ, ಅಲ್ಲಿ ಸತ್ತಿದ್ದಾನೆ ಅಂದ್ರೆ ನನ್ನ ಮಗ ಎಲ್ಲಿ ನಿಲ್ಬೇಕು?"

ಪೆಟ್ಟಿಗೆಯಲ್ಲಿದ್ದ ಭ್ರೂಣದ ಬಗ್ಗೆ ಗುಡ್ಡದ ಮಠದ ಸನ್ಯಾಸಿನಿಯನ್ನು ಕೇಳಿದೆವು. "ಅದೂ ಜೀವವೇ. ನಾಶ ಮಾಡಿದ್ರೆ ಹತ್ಯೆ," ಅಂದರು. ಪುರೋಹಿತರು, "ಹೊಟ್ಟೆ ಸೇರೋವರೆಗೂ ದೇವಿ ಅದಕ್ಕೆ ಆತ್ಮ ಕೊಡಲ್ಲ. ಹೆಸರಿಲ್ಲದ್ದನ್ನ ನಾನು ಹೇಗೆ ಕರೀಲಿ?" ಅಂದರು. ಇಬ್ಬರಿಗೂ ಹಣ್ಣು ಕೊಟ್ಟು, ಹೋದಷ್ಟೇ ಬುದ್ಧಿಯಿಂದ ಹಿಂದಿರುಗಿದೆವು.

ಕೊನೆಗೆ ಅಮ್ಮ ಗುಡಿಯಲ್ಲಿ ದೇವರನ್ನೇ ಕೇಳಿದಳು. ಅರ್ಧಚಂದ್ರದಂಥ ಎರಡು ಮರದ ತುಂಡುಗಳನ್ನು ನೆಲಕ್ಕೆ ಹಾಕುವುದು ನಮ್ಮ ಪದ್ಧತಿ. ಒಂದು ಅಂಗಾತ, ಒಂದು ಬೋರಲು ಬಿದ್ದರೆ ದೇವರು ಹೂಂ ಅಂದಂತೆ. ಎರಡೂ ಅಂಗಾತ ಬಿದ್ದರೆ ನಕ್ಕಂತೆ, ಅಂದರೆ ಇನ್ನೂ ಹೊತ್ತು ಬಂದಿಲ್ಲ. ಪೇಚುನ್ ಹಿಂದೆ ಧೂಪ ಹಚ್ಚುತ್ತಿದ್ದಳು. ಮಗನನ್ನು ಎತ್ತಲೇ ಎಂದು ಅಮ್ಮ ಕೇಳಿದಳು, ತುಂಡುಗಳು ಬಿದ್ದವು. ಒಂದು ಅಂಗಾತ, ಒಂದು ಬೋರಲು. ನಾನು ಕಣ್ಣಾರೆ ಕಂಡೆ.

ಅಮ್ಮ ಅವುಗಳನ್ನು ತಟ್ಟನೆ ಬಾಚಿಕೊಂಡಳು. "ದೇವರು ನಕ್ಕುಬಿಟ್ಟ," ಅಂದಳು. "ಈ ವರ್ಷ ಬೇಡವಂತೆ."

ದೇವರಿಗೆ ಹೆದರಿ ಸತ್ತ ಕೋಳಿಗೂ ಕೈ ಮುಗಿಯುವ ಹೆಂಗಸು ನನ್ನ ಅಮ್ಮ. ಮೊಮ್ಮಗುವಿಗಾಗಿ ಮಗನನ್ನು ನೀರಿನಲ್ಲೇ ಬಿಟ್ಟಳು. ನನಗೆ ಅವಳ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಸಂಕಟವಾಯಿತು.

ಆ ಚಳಿಗಾಲ ಗಾಳಿ ಕೆಟ್ಟದಾಗಿತ್ತು. ಅಮ್ಮ ಬಿಸಿನೀರಿನ ಸ್ನಾನ ಬಿಟ್ಟಳು. ಕೇಳಿದರೆ, "ಈ ವಯಸ್ಸಿಗೆ ತಣ್ಣೀರೇ ಹಿತ," ಅನ್ನುತ್ತಿದ್ದಳು. ಒಂದು ಬೆಳಿಗ್ಗೆ ಅವಳ ಕೋಣೆ ಗುಡಿಸಲು ಹೋದ ಪೇಚುನ್ ನನ್ನನ್ನು ಕರೆದಳು. ಹತ್ತಿಯ ರಜಾಯಿ ಬೀರುವಿನಲ್ಲಿ, ಬೇಸಿಗೆಯಲ್ಲಿ ಕಟ್ಟಿಟ್ಟ ದಾರ ಕೂಡ ಬಿಚ್ಚದೆ, ಹಾಗೆಯೇ ಇತ್ತು. ಹಾಸಿಗೆಯ ಮೇಲೆ ಬೇಸಿಗೆಯ ತೆಳು ಬಟ್ಟೆ ಮಾತ್ರ.

ಪೇಚುನ್ ಆ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಳು. "ಅಕ್ಕ, ಹೋದ ಸಲ ದೇವರು ನಗಲಿಲ್ಲ. ನಾನೂ ನೋಡಿದ್ದೆ."

"ಮತ್ಯಾಕೆ ಸುಮ್ನಿದ್ದೆ?"

"ಅತ್ತೆ ನಂಗೋಸ್ಕರ ಸುಳ್ಳು ಹೇಳಿದ್ರು. ಅದು ಸುಳ್ಳು ಅಂತ ಹೇಳೋಕೆ ನಂಗೆ ಬಾಯಿ ಬರ್ಲಿಲ್ಲ. ನಂಗೂ ಅದೇ ಬೇಕಾಗಿತ್ತಲ್ಲ." ಅವಳು ರಜಾಯಿಗೆ ಮುಖ ಒತ್ತಿಕೊಂಡು ಅತ್ತಳು. "ಅಲ್ಲಿ ಅವರಿಗೂ ಚಳಿ, ಪೆಟ್ಟಿಗೇಲಿ ಅದಕ್ಕೂ ಚಳಿ, ಇಲ್ಲಿ ಅತ್ತೇಗೂ ಚಳಿ. ಸಾಕು ಅಕ್ಕ."

ಮುಂದಿನ ಆರನೇ ತಿಂಗಳು ಗೂಡಿನ ಮೇಲೆ ಗಂಡನ ಹೆಸರನ್ನು ಪೇಚುನ್ನೇ ಬರೆದಳು. ಅಮ್ಮ ಅವಳ ಕೈ ಹಿಡಿದುಕೊಂಡಳು.

"ಬೇಡವೇ. ಇನ್ನೊಂದು ವರ್ಷ ಇರ್ಲಿ. ಅವನು ನನ್ನ ಮಗ, ಗಟ್ಟಿ ಜೀವ. ತಡೀತಾನೆ."

"ಇನ್ನೊಂದ್ಸಲ ದೇವರನ್ನ ಕೇಳೋದು ಬೇಡ ಅತ್ತೆ. ಹೋದ ವರ್ಷವೇ ಹೂಂ ಅಂದಾಗಿದೆ."

ಅಮ್ಮ ನೆಲದ ಮೇಲೆ ಕೂತುಬಿಟ್ಟಳು. ತಾನು ಬಚ್ಚಿಟ್ಟದ್ದು ಸೊಸೆಗೆ ಮೊದಲೇ ಗೊತ್ತಿತ್ತೆಂದು ಅವಳಿಗೆ ಆಗ ತಿಳಿಯಿತು. ಗಂಡ ಸತ್ತನೆಂದು ಆಸ್ಪತ್ರೆಗೆ ತಾನೇ ಫೋನ್ ಮಾಡಿ ಹೇಳಿರುವುದಾಗಿಯೂ, ಮುಂದಿನ ವಾರ ಹೋಗಿ ಭ್ರೂಣದ ನಾಶಕ್ಕೆ ಸಹಿ ಹಾಕಬೇಕೆಂದೂ ಪೇಚುನ್ ಹೇಳಿದಳು. ಗುಮಾಸ್ತನ ಅಮ್ಮ ಪಕ್ಕದ ಸಾಲಿನಿಂದ ಕುತ್ತಿಗೆ ಉದ್ದ ಮಾಡಿ ನೋಡುತ್ತಿದ್ದಳು. ಏನು ನೋಡ್ತೀಯೇ ಎಂದು ಗದರಿದೆ.

ಮೈಕಿನಲ್ಲಿ ತಮ್ಮನ ಹೆಸರು ಬಂತು. ನಾವು ಮೂವರೂ ಗೂಡಿಗೆ ಕೈ ಹಚ್ಚಿದೆವು. "ಆಖುನ್, ಹತ್ತಿ ಬಾರೋ! ನಿನ್ನ ಬಟ್ಟೆ ತಂದಿದ್ದೀನಿ, ಬಾರೋ!" ಎಂದು ಅಮ್ಮ ಕೂಗಿದಳು. ಪೇಚುನ್ ಬಾಯಿ ಬಿಡಲಿಲ್ಲ. ಹೆಂಡತಿ ಕರೆಯಬೇಕು, ಕರಿ ಎಂದು ನಾನು ಅವಳನ್ನು ತಿವಿದೆ.

ಅವಳು ಕಾಗದಕ್ಕೆ ತುಟಿ ತಾಗುವಷ್ಟು ಹತ್ತಿರ ಬಗ್ಗಿದಳು. ದಿನಾ ಗಂಡ ಪೇಟೆಗೆ ಹೊರಟಾಗ ಹೇಳುತ್ತಿದ್ದ ದನಿಯಲ್ಲೇ ಹೇಳಿದಳು.

"ನೀರಿಂದ ಎದ್ದವರು ನೇರ ಮನೆಗೆ ಬರ್ಬೇಡಿ. ಮೊದಲು ತೈಚುಂಗ್‌ಗೆ ಹೋಗಿ. ಆಸ್ಪತ್ರೆ ದಾರಿ ನಿಮಗೆ ಗೊತ್ತಲ್ಲ. ಅಲ್ಲಿ ಅದೊಂದೇ ಇದೆ, ಎತ್ಕೊಂಡು ಬನ್ನಿ. ನಾನು ಎತ್ಕೊಳ್ಳೋಕೆ ಬಿಡಲ್ಲಂತೆ."

ಅಮ್ಮನ ಕೂಗು ನಿಂತಿತು. ಮಗನಿಗೆಂದು ತಂದಿದ್ದ ಅಂಗಿ, ಒರೆಸುವ ಬಟ್ಟೆ ಕೆಳಗಿದ್ದವು. ಅವಳು ತನ್ನ ಹೆಗಲ ಮೇಲಿನ ಟವಲನ್ನೂ ತೆಗೆದು ಅವುಗಳ ಪಕ್ಕದಲ್ಲಿ ಹಾಸಿದಳು. ಆಮೇಲೆ ಮತ್ತೆ ಗೂಡಿಗೆ ಕೈ ಹಚ್ಚಿ, "ನಿಧಾನಕ್ಕೆ ಬಾರೋ, ಮಗು ಜೋಪಾನ," ಎಂದಳು.

ಆತ್ಮ ಹತ್ತಿದಾಗ ಗೂಡು ಭಾರವಾಗುತ್ತದೆ ಅನ್ನುತ್ತಾರೆ. ನಾನು ಅದನ್ನೆಲ್ಲ ನಂಬುವವಳಲ್ಲ. ಆದರೆ ಆ ಹೊತ್ತು ಮೂವರು ಹೆಂಗಸರು ಸೇರಿ ಎಷ್ಟು ತಳ್ಳಿದರೂ ಅದು ತಿರುಗಲಿಲ್ಲ.