ಕೋವಿಗೊಂದು ಒಳ್ಳೆಯ ಮಾತು

ಶನಿವಾರ ಬೆಳಿಗ್ಗೆ ಐರ್ಲೆಂಡಿನ ಸ್ಲೈಗೋದ ತನ್ನ ಮನೆಯಲ್ಲಿ ಸಿಪ್ರಿಯನ್ ಬಂಗುಡೆ ಕತ್ತರಿಸುತ್ತಿದ್ದ. ಎದುರಿನ ಸ್ಟೂಲಿನಲ್ಲಿ ಜೇಸನ್ ಚಹಾ ಕುಡಿಯುತ್ತಿದ್ದ. ಇಬ್ಬರೂ ಉಡುಪಿಯಲ್ಲಿ ಒಂದೇ ಕಾಲೇಜಿನವರು. ಇಲ್ಲಿ ಒಂದೇ ಕಂಪನಿಯ ಇಂಜಿನಿಯರುಗಳು.

"ಕೋವಿ ಲೈಸೆನ್ಸಿಗೆ ಮತ್ತೆ ಅರ್ಜಿ ಹಾಕಿದ್ದೇನೆ," ಎಂದ ಜೇಸನ್. "ನನ್ನ ಗುಣದ ಬಗ್ಗೆ ಹೇಳುವ ರೆಫರೀ ಅಂತ ನಿನ್ನ ಹೆಸರು ಕೊಟ್ಟೆ, ಹೋದ ಸಲದ ಹಾಗೆ. ಸೋಮವಾರ ಪೊಲೀಸ್ ಠಾಣೆಯಿಂದ ಫೋನ್ ಬರ್ತದೆ."

"ಎಂತ ಹೇಳಬೇಕು?"

"ಇಲ್ಲಿಯವರ ಹಾಗೆ ಗ್ರ್ಯಾಂಡ್ ಅನ್ನು, ಒಳ್ಳೆಯವನು ಅಂತ, ಸಾಕು. ನಿನ್ನ ಮೀನಿಗೆ ಹಾಕುವ ಖಾರದಷ್ಟು ಹೊಗಳಬೇಡ ಮಾರಾಯ, ಪಾಪ, ಅವರ ಕಣ್ಣಲ್ಲಿ ನೀರು ಬಂದೀತು."

ಸಿಪ್ರಿಯನ್ ನಕ್ಕ. ಆಮೇಲೆ ಕೇಳಿದ: "ಫೆಬ್ರವರಿಯ ವಿಷಯ?"

ಫೆಬ್ರವರಿಯಲ್ಲಿ ಜೇಸನ್‌ನನ್ನು ಅವನ ಇಚ್ಛೆಗೆ ವಿರುದ್ಧವಾಗಿ ಮಾನಸಿಕ ಚಿಕಿತ್ಸೆಗೆ ದಾಖಲಿಸಿದ್ದರು. ಮೂವರು ಸದಸ್ಯರ ನ್ಯಾಯಮಂಡಳಿ ವಿಚಾರಣೆ ನಡೆಸಿ ಅದನ್ನು ಎತ್ತಿಹಿಡಿದಿತ್ತು. ಇಲ್ಲಿರುವ ಊರಿನವರಿಗೆಲ್ಲ ಹೇಳಿದ್ದು ಬೆನ್ನುನೋವು ಎಂದು. ಅವನ ಹೆಂಡತಿ ಶೆರಿನ್ ಆಗಲೇ ಕೋವಿಯನ್ನು ಪೇಟೆಯ ಬಂದೂಕು ಡೀಲರ್ ಬಳಿ ಇರಿಸಿದ್ದಳು. ಲೈಸೆನ್ಸಿನ ಅವಧಿ ಮುಗಿದಿತ್ತು. ಹೊಸದು ತೋರಿಸದೆ ಕೋವಿ ಹಿಂದಿರುಗುವಂತಿರಲಿಲ್ಲ.

"ಈಗ ಗುಣ ಆಗಿದೆಯಲ್ಲ? ಜ್ವರ ಬಂದು ಹೋದವನನ್ನು ಜೀವಮಾನ ಇಡೀ ರೋಗಿ ಅಂತೀಯಾ?" ಜೇಸನ್ ಕಪ್ ಕೆಳಗಿಟ್ಟ. "ಶೂಟಿಂಗ್ ಕ್ಲಬ್ಬಿನಲ್ಲಿ ನಾನು ಹೊಡೆಯೋದು ಗಾಳಿಗೆ ಹಾರಿಸಿದ ಮಣ್ಣಿನ ಬಿಲ್ಲೆ, ಮನುಷ್ಯರನ್ನಲ್ಲ. ಆ ಎರಡು ಗಂಟೆ ಮಾತ್ರ ನನ್ನ ತಲೆ ಸುಮ್ಮನಿರ್ತದೆ."

ಸಿಪ್ರಿಯನ್ ಇನ್ನೊಂದು ಬಂಗುಡೆ ಎತ್ತಿಕೊಂಡ.

ಮರುದಿನ ಚರ್ಚಿನ ಹಾಲ್‌ನಲ್ಲಿ ಶೆರಿನ್ ಅವನನ್ನು ಕಿಟಕಿಯ ಪಕ್ಕಕ್ಕೆ ಕರೆದಳು.

"ಅವರು ಅರ್ಜಿಯಲ್ಲಿ ಮಾನಸಿಕ ಕಾಯಿಲೆ ಇತ್ತಾ ಅಂತ ಕೇಳಿದ ಕಡೆ 'ಇಲ್ಲ' ಅಂತ ಬರೆದಿದ್ದಾರೆ. ಕೊಟ್ಟ ಡಾಕ್ಟರ್ ಹೆಸರು ಮೊದಲು ನಾವು ಲೂಕನ್‌ ಊರಿನಲ್ಲಿದ್ದಾಗಿನದು, ಆ ಡಾಕ್ಟರಿಗೆ ಇದೇನೂ ಗೊತ್ತಿಲ್ಲ. ನ್ಯಾಯಮಂಡಳಿಯ ತೀರ್ಪು ಠಾಣೆಗೆ ಹೋಗಿಯೇ ಇಲ್ಲ."

"ಅವನು ಯಾರ ಮೇಲೂ ಕೈ ಎತ್ತಿದವನಲ್ಲ, ಶೆರಿನ್."

"ನನಗೂ ಗೊತ್ತು. ನನ್ನ ಹೆದರಿಕೆ ಅವರ ಜೀವದ್ದೇ. ಮೊನ್ನೆ ಇನ್ಶೂರೆನ್ಸ್ ಪೇಪರ್ ಎಲ್ಲಿದೆ ಅಂತ ತೋರಿಸಿದರು. ಮಾತ್ರೆ ಬಿಟ್ಟು ಮೂರು ವಾರ ಆಯ್ತು." ಮತ್ತೆ ಹೇಳಿದಳು: "ಮದುವೆಗೆ ಮೊದಲು ನನ್ನ ಅಪ್ಪ ಹುಡುಗ ಹೇಗೆ ಅಂತ ನಿಮಗೆ ಫೋನ್ ಮಾಡಿದ್ದರು. ಏನು ಹೇಳಿದಿರಿ?"

"ಬಂಗಾರದಂಥ ಹುಡುಗ ಅಂದೆ."

"ಸುಳ್ಳಲ್ಲ. ಆದರೆ ಕಾಲೇಜಿನಲ್ಲಿದ್ದಾಗ ಅವರು ಇದೇ ಕಾಯಿಲೆಗೆ ಎರಡು ತಿಂಗಳು ಆಸ್ಪತ್ರೆಯಲ್ಲಿದ್ದದ್ದು ನಿಮಗೆ ಗೊತ್ತಿತ್ತು."

"ಒಂದು ಮದುವೆ ತಪ್ಪಿಸಬಾರದು ಅಂತ... ನಮ್ಮಲ್ಲಿ ಎಲ್ಲರೂ ಹಾಗೇ ಹೇಳೋದು."

"ಗೊತ್ತಿದ್ದರೂ ನಾನು ಮದುವೆಯಾಗ್ತಿದ್ದೆ, ಸಿಪ್ರಿಯನಣ್ಣ. ಆದರೆ ಅವರು ನಿದ್ದೆ ಬಿಟ್ಟಾಗ ಇದು ಏನು ಅಂತ ನನಗೆ ಗೊತ್ತಿರ್ತಿತ್ತು."

ಸೋಮವಾರ ಹನ್ನೊಂದಕ್ಕೆ ಫೋನ್ ಬಂತು. ಸಿಪ್ರಿಯನ್ ಆಫೀಸಿನಿಂದ ಹೊರಗೆ ಕಾರ್ ಪಾರ್ಕಿಗೆ ನಡೆದ. ಮಹಿಳಾ ಅಧಿಕಾರಿಯ ದನಿ ಸೌಮ್ಯವಾಗಿತ್ತು. ಎಷ್ಟು ವರ್ಷದ ಪರಿಚಯ, ಎಂಥ ಮನುಷ್ಯ ಎಂದು ಕೇಳಿ ಕೊನೆಗೆ ಅಂದಳು: "ಅವರ ಬಳಿ ಕೋವಿ ಇರಬಾರದು ಅನ್ನಲು ಕಾರಣವೇನಾದರೂ ನಿಮಗೆ ತಿಳಿದಿದೆಯೇ?"

ಗ್ರ್ಯಾಂಡ್ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ತಿಳಿದಿದೆ," ಎಂದ. ದಾಖಲಾದ ತಿಂಗಳು, ನ್ಯಾಯಮಂಡಳಿಯ ತೀರ್ಪು, ಬಿಟ್ಟ ಮಾತ್ರೆ. ಗೊತ್ತಿದ್ದಷ್ಟನ್ನೇ ಹೇಳಿದ. "ಅವನು ಬಂಗಾರದಂಥ ಮನುಷ್ಯ. ಇದನ್ನೂ ಬರೆದುಕೊಳ್ಳಿ."

ಸಂಜೆ ಜೇಸನ್‌ನ ಮನೆಗೆ ಹೋದ. ಬಾಗಿಲಲ್ಲೇ ನಿಂತು, "ನಾನೇ ಹೇಳಿದೆ. ಶೆರಿನ್ ಅಲ್ಲ. ನಾಳೆ ಡಾಕ್ಟರ ಹತ್ತಿರ ಹೋಗುವುದಾದರೆ ನಾನು ಬರ್ತೇನೆ," ಎಂದ.

"ಇಪ್ಪತ್ತು ವರ್ಷದ ಸ್ನೇಹ," ಎಂದಷ್ಟೇ ಹೇಳಿ ಜೇಸನ್ ಬಾಗಿಲು ಹಾಕಿಕೊಂಡ.

ಅರ್ಜಿ ತಿರಸ್ಕೃತವಾಯಿತು. ಡಾಕ್ಟರ ಬಳಿಗೆ ಶೆರಿನ್ ಕರೆದುಕೊಂಡು ಹೋದಳು. ಜೇಸನ್ ಆಫೀಸಿನಲ್ಲಿ ಟೇಬಲ್ ಬದಲಿಸಿದ. ಸುದ್ದಿ ಊರಿನವರಿಗೆ ತಲುಪಿ, ಸಿಪ್ರಿಯನ್‌ಗೆ ಬರುತ್ತಿದ್ದ ಊಟದ ಕರೆಗಳೂ ಕಡಿಮೆಯಾದವು.

ಈಗ ಭಾನುವಾರದ ಪೂಜೆಯಲ್ಲಿ ಸಿಪ್ರಿಯನ್ ಕೊನೆಯ ಬೆಂಚಿನಲ್ಲಿ ಕೂರುತ್ತಾನೆ. ಜೇಸನ್ ಮುಂದಿನಿಂದ ಮೂರನೆಯದರಲ್ಲಿ. ಒಮ್ಮೆಯೂ ಹಿಂತಿರುಗಿ ನೋಡುವುದಿಲ್ಲ. ಪ್ರತಿ ವಾರ ಸಿಪ್ರಿಯನ್ ಒಳಗೆ ಬಂದವನೇ ಮೊದಲು ಆ ಬೆನ್ನನ್ನು ಹುಡುಕುತ್ತಾನೆ. ಅದು ಅಲ್ಲಿ ಕಂಡಮೇಲೆಯೇ ಮೊಣಕಾಲೂರುತ್ತಾನೆ.