ಇಲಿಯಮ್ಮನ ಉಸಿರು

ಔಷಧ ಸಂಶೋಧನಾಲಯದ ಬಿಳಿ ಇಲಿಗಳನ್ನು ಹತ್ತೊಂಬತ್ತು ವರ್ಷ ಸಾಕಿದ ಆಕೆಯನ್ನು ಎಲ್ಲರೂ ಇಲಿಯಮ್ಮ ಎಂದೇ ಕರೆಯುತ್ತಿದ್ದರು. ಪಂಜರ ತೊಳೆಯುವುದು, ಮರದ ಹೊಟ್ಟು ಹಾಸುವುದು ಆಕೆಯ ಕೆಲಸ. ಯಾವ ಇಲಿಗೆ ಹುಷಾರಿಲ್ಲ ಎಂಬುದು ವಿಜ್ಞಾನಿಗಳಿಗಿಂತ ಮೊದಲು ಆಕೆಗೇ ತಿಳಿಯುತ್ತಿತ್ತು.

ಮೂರು ವರ್ಷದ ಹಿಂದೆ ಸೀನು ಶುರುವಾಯಿತು. ಆಮೇಲೆ ಎದೆ ಬಿಗಿತ, ಸುಂಯ್‌ಗುಟ್ಟುವ ಉಸಿರು. ಹೇಳಿದರೆ ಕೆಲಸ ತಪ್ಪೀತೆಂದು ಬಾಯಿಬಿಡದೆ, ಬಚ್ಚಲುಮನೆಗೆ ಹೋಗಿ ಇನ್ಹೇಲರ್ ಎಳೆದುಕೊಂಡು ಬರುತ್ತಿದ್ದಳು. ಒಂದು ಮಧ್ಯಾಹ್ನ ಪಂಜರಗಳ ಸಾಲಿನ ನಡುವೆಯೇ ಕುಸಿದಳು.

ಆಸ್ಪತ್ರೆಯಲ್ಲಿ ಮಗಳು ರೇಗಿದಳು. “ಜೀವ ಹೋದ್ರೂ ಪರವಾಗಿಲ್ಲ, ಇಲಿ ಬೇಕು ನಿಂಗೆ!”

“ಬಾಯ್ಬಿಟ್ಟಿದ್ರೆ ಮನೇಲಿ ಕೂರಿಸ್ತಿದ್ರು ಕಣೇ.”

ವೈದ್ಯೆ ರಕ್ತದ ವರದಿ ನೋಡಿ ಹೇಳಿದಳು. “ನಿಮ್ಮ ಮೈಯ ಕಾವಲುಗಾರರಿಗೆ ಹಗ್ಗನೂ ಹಾವಾಗಿ ಕಾಣ್ತಿದೆ. ಇಲಿ ಮೈಯ ಧೂಳು ತಾಗಿದ್ರೆ ಸಾಕು, ಐಜಿಇ ಅನ್ನೋ ಪ್ರತಿಕಾಯ ಊರೆಲ್ಲ ಎಬ್ಬಿಸುತ್ತೆ. ಅದನ್ನ ಹಿಡಿದು ಬಾಯಿ ಮುಚ್ಚಿಸೋ ಇನ್ನೊಂದು ಪ್ರತಿಕಾಯ ಇದೆ. ಎರಡು ವಾರಕ್ಕೊಂದು ಚುಚ್ಚುಮದ್ದು. ಇನ್ಹೇಲರ್ ಮಾತ್ರ ಬಿಡೋ ಹಾಗಿಲ್ಲ.” ಆಮೇಲೆ ನಕ್ಕು ಸೇರಿಸಿದಳು, “ಈ ಮದ್ದಿನ ಮೂಲ ರೂಪ ಸಿಕ್ಕಿದ್ದೂ ಇಲಿಗಳಲ್ಲೇ.”

“ಹಾಗಾದ್ರೆ ನನ್ನ ಮಕ್ಕಳು ನನ್ನ ಕೈಬಿಟ್ಟಿಲ್ಲ,” ಎಂದಳು ಇಲಿಯಮ್ಮ.

ಮೊದಲ ಎರಡು ತಿಂಗಳು ಚುಚ್ಚುಮದ್ದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು. ಮೂರನೆಯ ತಿಂಗಳು ಕೆಮ್ಮು ಇಳಿಯಿತು. ನಾಲ್ಕನೆಯದರಲ್ಲಿ ದಿಂಬಿಗೆ ಒರಗಿ ಕೂರದೆ, ಮಲಗಿಯೇ ನಿದ್ದೆ ಮಾಡಿದಳು.

“ಇನ್ನು ಇಲಿಮನೆಗೆ ಹೋಗ್ಲಾ?” ಎಂದು ವೈದ್ಯೆಯನ್ನು ಆಸೆಯಿಂದ ಕೇಳಿದಳು.

“ಕಾವಲುಗಾರ ಸುಮ್ಮನಾಗಿದ್ದಾನೆ, ನಿಮ್ಮ ಇಲಿಗಳ ಜೊತೆ ರಾಜಿ ಆಗಿಲ್ಲ. ಬೆಂಕಿ ಜೊತೆ ಸರಸ ಬೇಡಮ್ಮ.”

ಆಸ್ಪತ್ರೆಯ ಕಾರಿಡಾರಿನಲ್ಲಿ ಇಲಿಯಮ್ಮ ಬಿಕ್ಕಿ ಬಿಕ್ಕಿ ಅತ್ತಳು. ಮಗಳು ಬೈಯಲಿಲ್ಲ, ಪಕ್ಕದಲ್ಲಿ ಕುಳಿತು ಬೆನ್ನು ಸವರಿದಳು.

ಮಾರನೆಯ ವಾರ ಇಲಿಮನೆಯ ಮೇಲಧಿಕಾರಿಯೇ ಫೋನ್ ಮಾಡಿದ. “ಹೊಸಬರಿಗೆ ಏನೂ ಗೊತ್ತಾಗ್ತಿಲ್ಲಮ್ಮ. ಒಳಗೆ ಬರಬೇಡಿ. ಗಾಜಿನ ಆಚೆ ಕೂತು ಮೈಕಿನಲ್ಲಿ ಹೇಳಿಕೊಡ್ತೀರಾ?”

ಮೊದಲ ದಿನ ಗಾಜಿನ ಆಚೆಯಿಂದಲೇ ಗದರಿದಳು. “ಬಾಲ ಹಿಡಿದು ಎತ್ತಬೇಡಮ್ಮಾ, ಅಂಗೈ ಒಡ್ಡು, ತಾನೇ ಹತ್ತುತ್ತೆ!” ಇಲಿ ಹತ್ತಿತು. ಹೊಸ ಹುಡುಗಿಯ ಮುಖ ಅರಳಿತು.

ಆ ಸಂಜೆ ಮನೆಯ ಕಟ್ಟಡದ ಲಿಫ್ಟ್ ಕೆಟ್ಟಿತ್ತು. ತಾಯಿ ಮಗಳು ಮೆಟ್ಟಿಲು ಹತ್ತಿದರು. ದಿನದ ಕಥೆಯನ್ನೆಲ್ಲ ಇಲಿಯಮ್ಮ ಎಲ್ಲೂ ನಿಲ್ಲದೆ ಹೇಳುತ್ತ ಹೋದಳು. ಮೂರನೆಯ ಮಹಡಿಯಲ್ಲಿ ಮಗಳೇ ಕಂಬಿ ಹಿಡಿದು ಏದುಸಿರು ಬಿಟ್ಟಳು. “ಸ್ವಲ್ಪ ತಡಿಯಮ್ಮಾ!”