ಯಂತ್ರ ಓದದ ಸಾಲು

ಆಂಧ್ರದ ರಾಯಿಕೋಡಿನ ಹತ್ತಿರದ ಸಕ್ಕರೆ ಕಾರ್ಖಾನೆಗೆ ೧೯೮೮ರ ದೀಪಾವಳಿ ಹೊತ್ತಿಗೆ ಕಂಪ್ಯೂಟರ್ ಬಂತು. ಕಬ್ಬು ಕಡಿಯುವ ತಾರೀಖಿನ ಚೀಟಿಗಳನ್ನು ಅಚ್ಚು ಹಾಕುವ ಪ್ರೋಗ್ರಾಮನ್ನು ಗುಮಾಸ್ತ ಕಾಶಿರಾಮ ಬರೆದ. ಚೀಟಿ ಇಲ್ಲದ ಕಬ್ಬನ್ನು ಕಾರ್ಖಾನೆ ತೆಗೆದುಕೊಳ್ಳುತ್ತಿರಲಿಲ್ಲ. ಕರ್ನಾಟಕದ ಗಡಿಗೆ ಹತ್ತಿದ ಹಳ್ಳಿಗಳ ರೈತರು ಓದುವುದು ಕನ್ನಡ, ಹಾಗಾಗಿ ಅವರ ಹೆಸರುಗಳನ್ನು ಕನ್ನಡದಲ್ಲೇ ಹಾಕಿದ. ಪರದೆಯ ಮೇಲೆ ಎಲ್ಲ ಹೆಸರೂ ಸರಿಯಾಗಿ ಕಾಣುತ್ತಿದ್ದವು. ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸಲು ಕಂಪೈಲ್ ಮಾಡಿದರೆ ಮಾತ್ರ ಮೂರು ಸಾಲುಗಳಲ್ಲಿ ಯಂತ್ರ ತಪ್ಪು ತೋರಿಸಿ ನಿಂತುಬಿಡುತ್ತಿತ್ತು. ಆ ಹೆಸರುಗಳ ಯಾವುದೋ ಅಕ್ಷರದ ಸಂಕೇತವನ್ನು ಅದು ಬೇರೇನೋ ಆಜ್ಞೆ ಎಂದು ತಿಳಿಯುತ್ತಿತ್ತು. ಮ್ಯಾನೇಜರ್ ಅವಸರಪಡಿಸಿದಾಗ ಕಾಶಿರಾಮ ಮೂರೂ ಸಾಲುಗಳ ಮುಂದೆ ಚುಕ್ಕಿ ಗುರುತು ಹಾಕಿದ. ಆ ಗುರುತಿದ್ದ ಸಾಲನ್ನು ಯಂತ್ರ ಓದದೆ ಮುಂದೆ ಹೋಗುತ್ತದೆ. ಇಬ್ಬರಿಗೆ ಅಂದೇ ಕೈಯಿಂದ ಚೀಟಿ ಬರೆದು ಕಳಿಸಿದ. ಮೂರನೆಯದನ್ನು ನಾಳೆಗೆ ಬಿಟ್ಟ.

ಶಿವರಾತ್ರಿಗೆ ಅವನು ತನ್ನೂರು ನಾಗಲಗಿದ್ದಕ್ಕೆ ಹೋದಾಗ ಸುತ್ತಲಿನ ಹೊಲಗಳೆಲ್ಲ ಬೋಳಾಗಿದ್ದವು. ತಂದೆ ಪೀರಪ್ಪನ ಕಬ್ಬು ಮಾತ್ರ ಸೂಲಂಗಿ ಹೂ ಬಿಟ್ಟು ಒಣಗಿ ನಿಂತಿತ್ತು.

"ಚೀಟಿ ಬಂದಿಲ್ಲಂತ ಬಂದು ಹೇಳಬಾರದಿತ್ತೇನಪಾ?" ಎಂದ ಕಾಶಿರಾಮ.

"ಮಗ ಅಲ್ಲೇ ಕುಂತಾನ, ತಾನೇ ಕಳಸ್ತಾನ ಅಂತ ಸುಮ್ಮನಿದ್ದೆ. ನಾ ಬಂದು ಕೇಳಿದ್ರ ಮಂದಿ ನಿನ್ನ ಮ್ಯಾಲೆ ಮಾತಾಡ್ತಾರ, ತಮ್ಮಾ."

ಪೀರಪ್ಪ ಒಂದು ಕಬ್ಬು ಮುರಿದು ನೋಡಿದ. ಒಳಗೆಲ್ಲ ರಸವಿಲ್ಲದ ಬೆಂಡು. "ಇದು ಇನ್ನ ಗಾಣಕ್ಕೂ ಬರಂಗಿಲ್ಲ" ಎಂದು ಬದುವಿಗೆ ಎಸೆದ.

ಮರುದಿನ ಕಾಶಿರಾಮ ಕಾರ್ಖಾನೆಗೆ ಮರಳಿ ಪ್ರೋಗ್ರಾಮ್ ತೆರೆದ. ಗುರುತು ಹಾಕಿದ ಮೂರನೆಯ ಸಾಲಿನ ಪಕ್ಕದಲ್ಲಿ ಇಂಗ್ಲಿಷಿನಲ್ಲಿ ತಾನೇ ಬರೆದುಕೊಂಡಿದ್ದ ಟಿಪ್ಪಣಿ ಹಾಗೇ ಇತ್ತು: 'ನಮ್ಮಪ್ಪನದು. ಆಮೇಲೆ ಮಾಡಿದರೂ ನಡೆಯುತ್ತದೆ.'